ಲೆಕ್ಕದ ಮುಖ ಯಾರ ಕಡೆ?

“ತಮ್ಮಾ, ನಿನ್ನ ಫೋನ್ ಒಂದು ಹೇಳತೈತಿ, ನನ್ನ ಮಶೀನ್ ಇನ್ನೊಂದು ಹೇಳತೈತಿ. ಯಾವುದನ್ನ ನಂಬಬೇಕಪಾ?” ಅಂತ ಬೇಲಿಯ ಆಚೆಯಿಂದ ಕಾಕಾ ಕೇಳಿದರು. ಬೈಲಹೊಂಗಲದ ಅಡತಿ ಅಂಗಡಿಯಲ್ಲಿ ದಿವಾನಜಿಯಾಗಿ ವಯಸ್ಸು ಸವೆಸಿದವರು ಅವರು. ಲೆಕ್ಕ ಹೊಂದದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ವಿಷಯ ಸಣ್ಣದು. ಟಂಟಂ ಬಾಡಿಗೆ 40 ರೂಪಾಯಿ, ಆರು ಚೀಲದ ಹಮಾಲಿ ಚೀಲಕ್ಕೆ 15ರ ಹಾಗೆ. 40 + 6 × 15 ಎಂದು ಒತ್ತಿದರೆ ನನ್ನ ಫೋನು 130 ತೋರಿಸಿತು. ಅವರ ದೊಡ್ಡ ಗುಂಡಿಗಳ ಕ್ಯಾಲ್ಕುಲೇಟರು 690 ತೋರಿಸಿತು.

ಎರಡೂ ಕೆಟ್ಟಿರಲಿಲ್ಲ. ಅಂಗಡಿಯ ಕ್ಯಾಲ್ಕುಲೇಟರು ಒತ್ತಿದ ಕ್ರಮದಲ್ಲೇ ನಡೆಯುತ್ತದೆ. ಮೊದಲು 40ಕ್ಕೆ 6 ಕೂಡಿಸಿ 46 ಮಾಡುತ್ತದೆ, ಆಮೇಲೆ ಅದನ್ನು 15ರಿಂದ ಗುಣಿಸುತ್ತದೆ. ಫೋನಿನದು ಶಾಲೆಯ ಬೀಜಗಣಿತದ ಪದ್ಧತಿ. ಗುಣಾಕಾರ ಮೊದಲು, ಕೂಡುವುದು ನಂತರ. ನಮ್ಮ ಹಮಾಲಿಯ ಲೆಕ್ಕಕ್ಕೆ 130 ಸರಿ. “ಕಾಕಾ, ನೀವು ಅಂಗಡಿಯೊಳಗ ಹಿಂಗ ಎಂದಾದರೂ ಒತ್ತಿದ್ರೇನು?” ಅಂತ ಕೇಳಿದೆ. “ಎಲ್ಲಿ ಒತ್ತತೇನೋ! ಮೊದಲ 6 × 15 ಮಾಡೂದು, ಎಂ ಪ್ಲಸ್ ಒತ್ತೂದು. ಆಮ್ಯಾಲ 40, ಮತ್ತ ಎಂ ಪ್ಲಸ್. ಕಡೀಕ ಎಂಆರ್. ನಿನ್ನ ಫೋನ್ ನೋಡಿ ನಾನೂ ಹಂಗ ಒತ್ತಿದ್ಯಾ ಅಷ್ಟ” ಎಂದರು. ಯಂತ್ರದ ಸ್ವಭಾವ ಗೊತ್ತಿರುವವರ ಕೈ ಹೀಗೆ ನಡೆಯುತ್ತದೆ.

ಅಲ್ಲಿಂದ ಮಾತು ಬೆಳೆಯಿತು. ಈ ಯಂತ್ರ ಬರುವ ಮೊದಲು ಬೈಲಹೊಂಗಲದ ಹತ್ತಿ ಪ್ಯಾಟೆಯ ಲೆಕ್ಕವೆಲ್ಲ ದಿವಾನಜಿಯ ತಲೆಯಲ್ಲಿತ್ತು. ತಲೆ ಸೋತಾಗ ರೆಡಿ ರೆಕನರ್ ಪುಸ್ತಕ ಕೈಗೆ ಬರುತ್ತಿತ್ತು. ಆಮೇಲೆ ಕಿರ್ದಿ, ಕಿರ್ದಿಯಿಂದ ಖತಾವಣಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ಇದನ್ನೆಲ್ಲ ಹಿಡಿತದಲ್ಲಿಡಲು ಬರೀ ಇಪ್ಪತ್ತರ ಮಗ್ಗಿ ಸಾಲುತ್ತಿರಲಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳನ್ನೂ ಬಾಯಿಪಾಠ ಮಾಡಬೇಕಿತ್ತು. ನಮ್ಮ ಕಡೆ ಮುಂಬಯಿ ಪ್ರಾಂತದ ಗಾಳಿ ಬೀಸಿದ್ದರಿಂದ ಪಾವಕಿ, ದೀಡಕಿ, ಅಡೀಚಕಿ ಎಂಬ ಹೆಸರುಗಳೇ ನಡೆದವು. ಇವತ್ತಿಗೂ ರಾಮದುರ್ಗದ ಸಂತೆಯಲ್ಲಿ ದೀಡ (ಒಂದೂವರೆ) ಕಿಲೋ ಅಂದರೆ ಯಾರೂ ತಿರುಗಿ ಕೇಳುವುದಿಲ್ಲ.

ಆ ಪದ್ಧತಿಯನ್ನು ನಾನು ಹೊಗಳುವುದಕ್ಕೆ ಕಾರಣವಿದೆ. ಒಂದು ರೂಪಾಯಿಯನ್ನು ಮೂವರಿಗೆ ಹಂಚಿ ನೋಡಿ. ಹಳೆಯ ರೂಪಾಯಿಯಲ್ಲಿ ತಲೆಗೆ 64 ಪೈ, ಅಂದರೆ ಐದಾಣೆ ನಾಲ್ಕು ಪೈ. ಒಂದು ಪೈ ಉಳಿಯುವುದಿಲ್ಲ, ಒಂದು ಪೈ ಕೊರತೆ ಬೀಳುವುದಿಲ್ಲ. ಇಂದಿನ ಸಾಧಾರಣ ಕ್ಯಾಲ್ಕುಲೇಟರಿನಲ್ಲಿ 1ನ್ನು 3ರಿಂದ ಭಾಗಿಸಿ, ಬಂದದ್ದನ್ನು ಮತ್ತೆ 3ರಿಂದ ಗುಣಿಸಿ. 0.9999999 ಎಂದು ನಿಂತುಬಿಡುತ್ತದೆ. ಪರದೆಯಲ್ಲಿ ಎಂಟು ಅಂಕಿಗಷ್ಟೇ ಜಾಗ. ಮುಂದಿನದ್ದನ್ನು ಅದು ಕೈಬಿಟ್ಟಿರುತ್ತದೆ. ಹಿರಿಯರ ಹನ್ನೆರಡು, ಹದಿನಾರರ ಲೆಕ್ಕದಲ್ಲಿ ಹಂಚಿಕೆ ಸಲೀಸಾಗುತ್ತಿತ್ತು.

1957ರ ಏಪ್ರಿಲ್ 1ಕ್ಕೆ ನೂರು ನಯೇ ಪೈಸೆಯ ರೂಪಾಯಿ ಬಂತು. 1958ರಿಂದ ಹಂತಹಂತವಾಗಿ ಕಿಲೋ, ಕ್ವಿಂಟಲು ಬಂದವು. ಅದೇ 1957ರಲ್ಲಿ ಜಪಾನಿನಲ್ಲಿ ಕಾಶಿಯೊ ಮನೆತನದ ನಾಲ್ವರು ಅಣ್ಣತಮ್ಮಂದಿರು ‘14-ಎ’ ಎಂಬ ಲೆಕ್ಕದ ಯಂತ್ರ ಮಾಡಿ ಕ್ಯಾಸಿಯೊ ಕಂಪನಿ ಕಟ್ಟಿದರು. ಮೇಜಿನಷ್ಟು ದೊಡ್ಡದು, 140 ಕಿಲೋ ತೂಕ, ಒಳಗೆ 341 ರಿಲೇಗಳು. ನಮ್ಮ ಹೊಸ ರೂಪಾಯಿಗೂ ಆ ಯಂತ್ರಕ್ಕೂ ಸಂಬಂಧವಿರಲಿಲ್ಲ. ಆದರೆ ಆದದ್ದೇನೆಂದರೆ, ಕ್ಯಾಲ್ಕುಲೇಟರು ನಮ್ಮ ಪ್ಯಾಟೆಗೆ ಕಾಲಿಡುವ ಹೊತ್ತಿಗೆ ಪ್ಯಾಟೆಯೇ ಕ್ಯಾಲ್ಕುಲೇಟರಿಗೆ ಒಗ್ಗುವಂತೆ ಬದಲಾಗಿ ಕುಳಿತಿತ್ತು. ಆಣೆ, ಪೈ ಇದ್ದಿದ್ದರೆ ಹತ್ತು ಗುಂಡಿಯ ಯಂತ್ರದಿಂದ ದಿವಾನಜಿಗೆ ಅರ್ಧ ಪ್ರಯೋಜನವೂ ಆಗುತ್ತಿರಲಿಲ್ಲ.

ಎಲ್ಲವೂ ಬದಲಾಗಲಿಲ್ಲ ಎಂಬುದೂ ನಿಜ. ಅರಳೆಯ ದರವನ್ನು ವ್ಯಾಪಾರಿಗಳು ಇಂದಿಗೂ ಖಂಡಿಯ ಮೇಲೆ ಹೇಳುತ್ತಾರೆ; ಖಂಡಿ ಅಂದರೆ 784 ಪೌಂಡು, ಸುಮಾರು 356 ಕಿಲೋ. ರಾಮದುರ್ಗದ ನೇಕಾರನ ಮನೆಗೆ ನೂಲಿನ ಗಂಟು ಬಂದರೆ ಅದರ ತೂಕ 4.54 ಕಿಲೋ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂದರೆ ಅದು ಹಳೆಯ ಹತ್ತು ಪೌಂಡು. ನೂಲಿನ ನಂಬರಿನದೂ ಪೌಂಡಿನ ಲೆಕ್ಕವೇ: ಒಂದು ಪೌಂಡಿಗೆ 840 ಗಜದ ಲಡಿಗಳು ಎಷ್ಟು ಬರುತ್ತವೆಯೋ ಅಷ್ಟು ನಂಬರು. 40ರ ನೂಲು ಅಂದರೆ ಪೌಂಡಿಗೆ 33,600 ಗಜ. ಮಗ್ಗದ ಮುಂದೆ ಕೂತವರು ಇದನ್ನು ಬೆರಳ ತುದಿಯಲ್ಲಿಟ್ಟುಕೊಂಡೇ ಹಾಸು ಹೂಡುತ್ತಾರೆ.

ಭೂಮಿಯ ಲೆಕ್ಕವೇ ಎಲ್ಲಕ್ಕಿಂತ ಅಪಾಯದ್ದು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇಂದಿಗೂ ಎಕರೆ, ಗುಂಟೆ, ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಬರೆಯುವಾಗ 7 ಎಕರೆ 15 ಗುಂಟೆಯನ್ನು 7-15 ಎನ್ನುತ್ತೇವೆ. ಕಿತ್ತೂರು ಕಡೆಯ ಮನೆಯೊಂದರಲ್ಲಿ ಮೂವರು ಅಣ್ಣತಮ್ಮಂದಿರಿಗೆ ಇಷ್ಟು ಹೊಲ ಪಾಲಾಗಬೇಕು ಅಂತ ಇಟ್ಟುಕೊಳ್ಳಿ. ಕಲಿತ ಹುಡುಗ ಫೋನು ತೆಗೆದು 7.15ನ್ನು 3ರಿಂದ ಭಾಗಿಸುತ್ತಾನೆ. 2.383 ಬರುತ್ತದೆ. “ತಲೀಗೆ ಎರಡು ಎಕರೆ ಮೂವತ್ತೆಂಟು ಗುಂಟೆ” ಎಂದು ಹೇಳಿಬಿಡುತ್ತಾನೆ. ಮೂರು ಪಾಲನ್ನೂ ಕೂಡಿಸಿ ನೋಡಿದರೆ 8 ಎಕರೆ 34 ಗುಂಟೆ! ಹೊಲ ಇದ್ದದ್ದು 7-15. ಒಂದು ಎಕರೆ 19 ಗುಂಟೆ ಗಾಳಿಯಿಂದ ಹುಟ್ಟಿಕೊಂಡಿತು.

ಸರಿಯಾದ ದಾರಿ ಇದು: ಏಳನ್ನು ನಲವತ್ತರಿಂದ ಗುಣಿಸಿ 15 ಕೂಡಿಸಿದರೆ 295 ಗುಂಟೆ. ಮೂರರಿಂದ ಭಾಗಿಸಿದರೆ 98 ಗುಂಟೆ, ಮೇಲೆ ಒಂದು ಗುಂಟೆಯ ಮೂರನೇ ಒಂದು ಪಾಲು. ಅಂದರೆ ತಲೆಗೆ 2 ಎಕರೆ 18 ಗುಂಟೆ 5 ಆಣೆ, ಆಣೆಯ ಮೇಲೆ ಒಂದಿಷ್ಟು. ಯಂತ್ರಕ್ಕೆ ಚುಕ್ಕೆಯ ಬಲಗಡೆ ಇರುವುದೆಲ್ಲ ಹತ್ತರ, ನೂರರ ಪಾಲು. ನಮ್ಮ ಹೊಲದಲ್ಲಿ ಅದು ನಲವತ್ತರ ಪಾಲು. 2 ಎಕರೆ 30 ಗುಂಟೆ ಅಂದರೆ ಯಂತ್ರದ ಲೆಕ್ಕದಲ್ಲಿ 2.75. ಇದನ್ನು ನಾನು ಕಾಕಾನ ಮುಂದೆ ಬಿಡಿಸಿ ಹೇಳಿದಾಗ ಅವರು, “ಇದ ಕಾರಣಕ್ಕ ಅಣ್ಣ ತಮ್ಮ ಮಾರಿ ನೋಡದಂಗ ಆಗ್ಯಾರ. ಒಂದು ಚುಕ್ಕೀಗೆ ಬಾಂದ ಕಿತ್ತಾರ” ಎಂದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಮ್ಮ ಈ ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿ ಏಳನೆಯ ಇಯತ್ತೆಯ ಮಕ್ಕಳಿಗೆ ಈ ಒಂದು ಲೆಕ್ಕವನ್ನು ಉತಾರ ಕೈಯಲ್ಲಿಟ್ಟೇ ಕಲಿಸಬೇಕು ಎಂಬುದು ನನ್ನ ಹಟ.

ಯಂತ್ರದ ವಂಶಾವಳಿಯನ್ನು ಕಾಕಾ ಕೇಳಿದರು, ಹೇಳಿದೆ. 1642ರಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ತರುಣ ಹಲ್ಲಿನ ಗಾಲಿಗಳ ಪೆಟ್ಟಿಗೆ ಮಾಡಿದ. ತಂದೆ ತೆರಿಗೆ ವಸೂಲಿಯ ಅಧಿಕಾರಿ. ರಾತ್ರಿಯೆಲ್ಲ ಅಂಕಿ ಕೂಡಿಸುವ ಅಪ್ಪನ ಕಷ್ಟ ಮಗನಿಗೆ ಕಂಡಿತ್ತು. ಜರ್ಮನಿಯ ಲೈಬ್ನಿಟ್ಸ್ ಅದಕ್ಕೆ ಗುಣಾಕಾರ ಕಲಿಸಿದ. 1820ರಲ್ಲಿ ಥಾಮಸ್ ಎಂಬ ಫ್ರೆಂಚ್ ವಿಮಾ ವ್ಯಾಪಾರಿ ಅದನ್ನು ಮಾರುವಂಥ ಸರಕು ಮಾಡುವ ಹಕ್ಕುಪತ್ರ ಪಡೆದ. ಇಲ್ಲಿ ಕಿತ್ತೂರಿನಲ್ಲಿ ಆಗ ಇನ್ನೂ ದೇಸಗತಿಯ ಲೆಕ್ಕ ನಡೆಯುತ್ತಿತ್ತು; ನಾಲ್ಕು ವರ್ಷ ಕಳೆದು, 1824ರಲ್ಲಿ, ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಬಿದ್ದದ್ದೂ ಕೋಟೆ ಕೈತಪ್ಪಿದ್ದೂ ಆಯಿತು. ಕಿತ್ತೂರಿನ ರಾಣಿ ಚೆನ್ನಮ್ಮ ನಮ್ಮ ಬೈಲಹೊಂಗಲದಲ್ಲೇ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಮರುವರ್ಷ ಸಂಗೊಳ್ಳಿ ರಾಯಣ್ಣನ ಬಂಟರು ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟಾಗ ಕಾಗದಪತ್ರಗಳೂ ಉರಿದವು. ಆ ದಫ್ತರಗಳಲ್ಲಿ ಏನು ಬರೆದಿದೆ ಎಂದು ಓದಲು ಬಾರದ, ಬರೆದವರು ಎಂದೂ ತೋರಿಸದ ರೈತನ ಸಿಟ್ಟು ಅದರಲ್ಲಿತ್ತು ಎಂದು ನಾನು ನಂಬುತ್ತೇನೆ.

ಮುಂದಿನ ಕಥೆ ಕಾಕಾಗೇ ಗೊತ್ತಿತ್ತು. ಬ್ಯಾಂಕಿನಲ್ಲಿ, ದೊಡ್ಡ ಕಚೇರಿಯಲ್ಲಿ ಅವರು ನೋಡಿದ್ದು ಸ್ವೀಡನ್ನಿನ ಫ್ಯಾಸಿಟ್ ಯಂತ್ರ. “ಹಿಡಿಕಿ ಮುಂದ ತಿರುವಿದ್ರ ಕೂಡತಿತ್ತು, ಹಿಂದ ತಿರುವಿದ್ರ ಕಳೀತಿತ್ತು. ಕಿರ್ರ್ ಕಿರ್ರ್ ಅಂತ ಸಪ್ಪಳ. ಕರೆಂಟ್ ಬೇಕಾಗಿದ್ದಿಲ್ಲ” ಎಂದರು. ಒಳಗಿದ್ದದ್ದು ಓಡ್ನರ್ ಎಂಬ ಎಂಜಿನಿಯರ್ 1870ರ ದಶಕದಲ್ಲಿ ರೂಪಿಸಿದ ಗಾಲಿಯ ತತ್ವ. ಏಳು ಒತ್ತಿದರೆ ಗಾಲಿಯಿಂದ ಏಳು ಹಲ್ಲು ಹೊರಚಾಚುತ್ತವೆ. ಹಿಡಿಕೆ ಒಂದು ಸುತ್ತು ಬಂದರೆ ಅಂಕಿಯ ಚಕ್ರ ಏಳು ಮನೆ ಸರಿಯುತ್ತದೆ. 347ನ್ನು 26ರಿಂದ ಗುಣಿಸಬೇಕಾದರೆ ಆರು ಸುತ್ತು, ಒಂದು ಸ್ಥಾನ ಸರಿಸುವುದು, ಮತ್ತೆ ಎರಡು ಸುತ್ತು. ಎಂಟು ಸುತ್ತಿಗೆ ಉತ್ತರ. ಗುಣಾಕಾರವೆಂದರೆ ಮತ್ತೆ ಮತ್ತೆ ಕೂಡುವುದು ಎಂಬುದನ್ನು ತೋಳಿಗೇ ತಿಳಿಸಿಕೊಡುತ್ತಿದ್ದ ಯಂತ್ರ ಅದು. ಒಂದು ಫ್ಯಾಸಿಟ್ ಸಿಕ್ಕರೆ ಶಾಲೆಯಲ್ಲಿಟ್ಟು ಮಕ್ಕಳ ಕೈಯಿಂದ ತಿರುಗಿಸಬೇಕು.

ಆ ಫ್ಯಾಸಿಟ್ ಕಂಪನಿ 1970ರ ದಶಕದ ಆರಂಭದಲ್ಲೇ ಕುಸಿದು ಇನ್ನೊಬ್ಬರ ಕೈ ಸೇರಿತು. ಕಾರಣ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರು. 1961ರಲ್ಲಿ ಇಂಗ್ಲೆಂಡಿನ ‘ಅನಿಟಾ’, 1964ರಲ್ಲಿ ಜಪಾನಿನ ಶಾರ್ಪ್ ಕಂಪನಿಯ 25 ಕಿಲೋ ತೂಕದ ಯಂತ್ರ; ಅದರ ಬೆಲೆ 5,35,000 ಯೆನ್. ಹತ್ತು ವರ್ಷ ತುಂಬುವುದರೊಳಗೆ ಅದೇ ಕೆಲಸ ಜೇಬಿಗೆ ಇಳಿಯಿತು. ನಡುವೆ ನಡೆದ ಒಂದು ಸಂಗತಿ ಲೋಕವನ್ನೇ ಬದಲಿಸಿತು. ಜಪಾನಿನ ಬಿಸಿಕಾಂ ಕಂಪನಿ ತನ್ನ ಕ್ಯಾಲ್ಕುಲೇಟರಿಗೆ ಚಿಪ್ ಮಾಡಿಕೊಡಿ ಎಂದು ಅಮೆರಿಕದ ಇಂಟೆಲ್ ಬಾಗಿಲಿಗೆ ಹೋಯಿತು. ಬೇರೆ ಬೇರೆ ಚಿಪ್‌ಗಳ ಬದಲು, ಹೇಳಿದ ಕೆಲಸ ಮಾಡುವ ಒಂದೇ ಮುಖ್ಯ ಚಿಪ್ ಮಾಡಿದರಾಯಿತು ಎಂದು ಇಂಟೆಲ್‌ನವರು ಯೋಚಿಸಿದರು. 1971ರಲ್ಲಿ ಹೊರಬಂದ ‘4004’ ಅದು. ಒಳಗೆ 2,300 ಟ್ರಾನ್ಸಿಸ್ಟರು. ಇಂದಿನ ಕಂಪ್ಯೂಟರಿನ, ಫೋನಿನ ಪ್ರೊಸೆಸರುಗಳೆಲ್ಲ ಆ ಸಾಲಿನವು. ಬಿಸಿಕಾಂ ಬೆಲೆ ಇಳಿಸಿಕೊಳ್ಳುವುದಕ್ಕೆ ಆ ಚಿಪ್ಪಿನ ಮೇಲಿನ ಏಕಸ್ವಾಮ್ಯ ಬಿಟ್ಟುಕೊಟ್ಟಿತು, 1974ರಲ್ಲಿ ದಿವಾಳಿ ತೆಗೆಯಿತು. “ಲೆಕ್ಕದ ಮಶೀನ್ ಮಾಡೂ ಕಂಪನೀನ ಲೆಕ್ಕ ತಪ್ಪಿತಲ್ಲೋ” ಎಂದು ಕಾಕಾ ನಿಜವಾಗಿ ಮರುಗಿದರು. ನಮ್ಮ ದೇಶದಲ್ಲೂ ಎಚ್‌ಸಿಎಲ್ ಹುಟ್ಟುವ ಮೊದಲು ಶಿವ ನಾಡಾರ್ ಮತ್ತು ಗೆಳೆಯರು ಮೈಕ್ರೊಕಾಂಪ್ ಹೆಸರಿನಲ್ಲಿ ಕ್ಯಾಲ್ಕುಲೇಟರುಗಳನ್ನೇ ಮಾರುತ್ತಿದ್ದರು.

ಯಂತ್ರದ ಮಾತು ಬಂದಾಗಲೆಲ್ಲ ಬೆಂಗಳೂರಿನ ಶಕುಂತಲಾ ದೇವಿಯವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ 26 ಅಂಕಿಗಳ ಉತ್ತರ ಹೇಳಿದರು. ಸರ್ಕಸ್ ಕಲಾವಿದನ ಮಗಳು, ಶಾಲೆಯ ಓದು ದಕ್ಕದ ಹುಡುಗಿ. ನಮ್ಮ ನೆಲದ ಲೆಕ್ಕದ ನಂಟು ಇನ್ನೂ ಹಳೆಯದು. ಸವದತ್ತಿ ಸುಗಂಧವರ್ತಿಯಾಗಿದ್ದಾಗ ಅಲ್ಲಿ ಆಳಿದ ರಟ್ಟರು ಮೊದಲು ರಾಷ್ಟ್ರಕೂಟರ ಸಾಮಂತರು. ಆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಒಂದೇ ಆಗಿ ಓದಿಸುವ, ಕೊರಳ ಹಾರದಂಥ ಗುಣಲಬ್ಧಗಳನ್ನು ಆತ ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿ ನೋಡಿ, 15151. ಇನ್ನು 152207ನ್ನು 73ರಿಂದ ಗುಣಿಸಿ: ಎಂಟು ಅಂಕಿಯ ಕ್ಯಾಲ್ಕುಲೇಟರಿನ ಪರದೆ ತುಂಬ ಎಂಟು ಒಂದುಗಳೇ ನಿಲ್ಲುತ್ತವೆ. ಕಾಕಾ ಇದನ್ನು ಒತ್ತಿ ನೋಡಿ, ಸೊಸೆಯನ್ನು ಕರೆದು ತೋರಿಸಿ, ಮೊಮ್ಮಗನಿಗೂ ತೋರಿಸಿದರು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಲೆಕ್ಕ ಜನರ ಮಾತಿನಲ್ಲಿರಬೇಕು ಎಂಬ ಅಭಿಮಾನ ನಮ್ಮಲ್ಲಿ ಅಷ್ಟು ಹಿಂದಿನದು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಹಳೆಯ ಪ್ಯಾಟೆಯಲ್ಲಿ ಲೆಕ್ಕ ಕಾಣುತ್ತಿರಲಿಲ್ಲ. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಎತ್ತಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಅಡತಿಯಲ್ಲಿ ದಿವಾನಜಿ ಕಣ್ಣು ಮುಚ್ಚಿ ತುಟಿ ಅಲುಗಾಡಿಸಿ ಮೊತ್ತ ಹೇಳಿದರೆ ಮುಗಿಯಿತು. ಕಿರ್ದಿಯೋ, ಕೆಲವು ಕಡೆ ಮರಾಠಿಯ ಮೋಡಿ ಲಿಪಿಯದು. ಒಳ್ಳೆಯ ದಿವಾನಜಿ ಸಿಕ್ಕವನ ಪುಣ್ಯ. ಕ್ಯಾಲ್ಕುಲೇಟರು ಬಂದು ಮಾಡಿದ ದೊಡ್ಡ ಉಪಕಾರ ವೇಗವಲ್ಲ, ಪರದೆ. ಹೆಸರು ಬರೆಯಲು ಬಾರದವರಿಗೂ ನೋಟಿನ ಮೇಲಿನ ಅಂಕಿ ಗೊತ್ತು; ಅದೇ ಅಂಕಿ ಪರದೆಯ ಮೇಲೆ. ಕಾಕಾ ಒಂದು ರೂಢಿ ಇಟ್ಟುಕೊಂಡಿದ್ದರಂತೆ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು ಎಂದು ಬಾಯಿಬಿಟ್ಟು ಹೇಳುತ್ತ ಒತ್ತುವುದು, ಒತ್ತಿದ ಮೇಲೆ ಯಂತ್ರವನ್ನು ರೈತನ ಕಡೆ ತಿರುಗಿಸುವುದು, ಆಮೇಲೆ ಪಟ್ಟಿ ಬರೆಯುವುದು. “ಅಂವ ನೋಡಿ ಹೂಂ ಅಂದ ಮ್ಯಾಲನ ಪೆನ್ ಹಿಡೀತಿದ್ದೆ” ಎಂದರು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಹೋದವರು ಇನ್ನೊಂದನ್ನು ಕಂಡಿರುತ್ತೀರಿ. ಮಹಾರಾಷ್ಟ್ರದ ತಾಯಿ ಮರಾಠಿಯಲ್ಲಿ ಕೇಳುತ್ತಾಳೆ, ಆಂಧ್ರ ತೆಲಂಗಾಣದವರು ತೆಲುಗಿನಲ್ಲಿ ಕೇಳುತ್ತಾರೆ. ಬಳೆ, ಕುಂಕುಮ, ಭಂಡಾರ ಮಾರುವವಳು ಕ್ಯಾಲ್ಕುಲೇಟರಿನಲ್ಲಿ ದರ ಒತ್ತಿ ಮುಂದೆ ಹಿಡಿಯುತ್ತಾಳೆ. ಆ ಕಡೆಯವರು ಅದನ್ನು ಅಳಿಸಿ ತಮ್ಮ ದರ ಒತ್ತುತ್ತಾರೆ. ಎರಡು ಮೂರು ಸಲ ಯಂತ್ರ ಕೈ ಬದಲಿಸಿ ವ್ಯಾಪಾರ ಕುದುರುತ್ತದೆ. ಟವೆಲ್ಲಿನ ಮರೆಯ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಆದರೆ ಕಳೆದ ಕೆಲವು ವರ್ಷಗಳಲ್ಲಿ ಲೆಕ್ಕ ಮತ್ತೆ ಮರೆಗೆ ಸರಿಯುತ್ತಿದೆ. ಕಬ್ಬಿನ ಟ್ರ್ಯಾಕ್ಟರು ಸಕ್ಕರೆ ಕಾರ್ಖಾನೆಯ ಕಾಟಾ ಮೇಲೆ ಹತ್ತುತ್ತದೆ, ಇಳಿಯುತ್ತದೆ, ಚೀಟಿ ಬರುತ್ತದೆ. ಕೆಲ ವಾರಗಳಾದ ಮೇಲೆ ಫೋನಿಗೆ ಒಂದು ಮೊತ್ತ ಜಮಾ ಆದ ಸಂದೇಶ. ತೂಕ ಎಷ್ಟು ಹಿಡಿದರು, ಸಕ್ಕರೆ ಇಳುವರಿ ಎಷ್ಟು ಹಿಡಿದರು, ಕಡಿತ ಸಾಗಾಟಕ್ಕೆ ಎಷ್ಟು ಮುರಿದರು ಎಂಬುದು ಒಳಗಿನ ಕಂಪ್ಯೂಟರಿಗೆ ಗೊತ್ತು. ಕೇಂದ್ರ ಸರ್ಕಾರ 2024–25ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ ಎಂದು ಕಬ್ಬಿನ ನ್ಯಾಯಸಮ್ಮತ ಬೆಲೆ, ಅಂದರೆ ಎಫ್‌ಆರ್‌ಪಿ ಗೊತ್ತುಮಾಡಿತ್ತು. ಇಳುವರಿ ಶೇ 0.1 ಏರಿದರೆ ಕ್ವಿಂಟಲಿಗೆ 3 ರೂಪಾಯಿ 32 ಪೈಸೆ ಹೆಚ್ಚು ಸಿಗಬೇಕಿತ್ತು. ಹದಿನೇಳೂವರೆ ಟನ್ನಿನ ಒಂದು ಟ್ರ್ಯಾಕ್ಟರಿಗೆ ಆ ಶೇ 0.1 ಅಂದರೆ 580 ರೂಪಾಯಿ ಸಮೀಪ. ರೈತನ ಮನೆಗೆ ಅದು ಸಣ್ಣ ಮೊತ್ತವಲ್ಲ.

ಕಾಕಾ ಇದಕ್ಕೆ ತೋರಿಸಿದ ದಾರಿ ಯಂತ್ರಕ್ಕಿಂತ ಹಳೆಯದು. ಚೀಟಿಯಲ್ಲಿ ತೂಕ 17.46 ಟನ್, ದರ ಟನ್ನಿಗೆ 3,400 ಅಂತಿಟ್ಟುಕೊಳ್ಳಿ. “ಹದಿನೇಳೂವರಿ ಅಂತ ಹಿಡಿ. ಹದಿನೇಳು ಮೂವತ್ನಾಲ್ಕಲೆ ಐದನೂರಾ ಎಪ್ಪತ್ತೆಂಟು. ಅರ್ಧಕ್ಕ ಹದಿನೇಳು ಕೂಡಿಸು, ಐದನೂರಾ ತೊಂಬತ್ತೈದು. ಎರಡು ಸೊನ್ನಿ ಹಚ್ಚು, 59,500. ಹೆಚ್ಚಿಗಿ ಹಿಡಿದದ್ದು ನಲವತ್ತು ಕಿಲೋ, ಅದರ ರೊಕ್ಕ 136. ಕಳದ್ರ 59,364” ಎಂದು ಬೇಲಿಗೆ ಕೈಯೂರಿಕೊಂಡೇ ಹೇಳಿದರು. ಆಮೇಲೆ ಕ್ಯಾಲ್ಕುಲೇಟರಿನಲ್ಲಿ ಒತ್ತಿದೆ. 59,364. ಮೊದಲು ತಲೆಯ ಅಂದಾಜು, ಆಮೇಲೆ ಯಂತ್ರದ ಉತ್ತರ. ಇವೆರಡೂ ಹತ್ತಿರ ಹತ್ತಿರ ಬಾರದಿದ್ದರೆ ಎಲ್ಲೋ ಗುಂಡಿ ತಪ್ಪಿದೆ ಅಥವಾ ಯಾರೋ ತಪ್ಪಿಸಿದ್ದಾರೆ. ಕಡಿತ ಸಾಗಾಟದ ಖರ್ಚು ಮುರಿದರೆ ಎಷ್ಟು ಕೈಗೆ ಬರಬೇಕು ಎಂಬುದನ್ನೂ ಹೀಗೆಯೇ ತೆಗೆಯಬಹುದು.

ಅದಕ್ಕೇ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನನ್ನ ಜನರಲ್ಲಿ ಒಂದು ವಿನಂತಿ. ಮನೆಯಲ್ಲಿ ಒಂದು ಸಾದಾ ಕ್ಯಾಲ್ಕುಲೇಟರು ಇಡಿ, ಬಿಸಿಲಿನಲ್ಲೇ ನಡೆಯುವಂಥದ್ದು ಅಗ್ಗಕ್ಕೆ ಸಿಗುತ್ತದೆ. ಮಕ್ಕಳಿಗೆ ಮಗ್ಗಿಯ ಜೊತೆ ಕಾಲು, ಅರೆ, ಒಂದೂವರೆಯ ಮಗ್ಗಿಯನ್ನೂ ಕಲಿಸಿ. ಹೊಲ ಪಾಲು ಮಾಡುವಾಗ ಎಕರೆಯನ್ನು ಮೊದಲು ಗುಂಟೆ ಮಾಡಿಕೊಂಡು ಭಾಗಿಸಿ. ಅಡತಿಯಲ್ಲಾಗಲಿ, ಕಾಟಾ ಮುಂದಾಗಲಿ, ಬ್ಯಾಂಕಿನ ಕಿಟಕಿಯಲ್ಲಾಗಲಿ ಮೊತ್ತ ಹೇಳಿದ ಕೂಡಲೇ ತಲೆಯಾಡಿಸಬೇಡಿ. ತೂಕ ಎಷ್ಟು, ದರ ಎಷ್ಟು, ಮುರಿದದ್ದು ಎಷ್ಟು ಅಂತ ಬಿಡಿಬಿಡಿಯಾಗಿ ಕೇಳಿ, ಅವರ ಮುಂದೆಯೇ ಒತ್ತಿ ನೋಡಿ. ಯಂತ್ರ ಅವರದೇ ಆದರೆ ನಾಚಿಕೆ ಪಡದೆ ಹೇಳಿ: “ಅದನ್ನ ಸ್ವಲ್ಪ ಈ ಕಡೆ ತಿರುಗಸ್ರಿ.”